ಸಲಹೆಗೂ ಇರಲಿ ಹೊಣೆಗಾರಿಕೆ

ಸಾರ್ವಜನಿಕರ ಹಣದಲ್ಲಿ ನಡೆದ ಜೈವಿಕ ತಂತ್ರಜ್ಞಾನ ಸಂಶೋಧನೆ ಪ್ರಯೋಗಾಲಯದ ಹೊಸ್ತಿಲು ದಾಟದೇ ಉಳಿದರೆ ಅದು ತೆರಿಗೆದಾರರಿಗೆ ಆಗುವ ನಷ್ಟ. ಹೊಸ್ತಿಲು ದಾಟಿಸಿಕೊಡುವುದಾಗಿ ಹೇಳುವ ವಾಣಿಜ್ಯ ಸಲಹೆಗಾರರಿಗೆ ಕೊರತೆಯಿಲ್ಲ. ಅವರ ಸಲಹೆ ತಪ್ಪಿದರೆ ಯಾರನ್ನು ಕೇಳಬೇಕು ಎಂಬುದು ಮಾತ್ರ ಎಲ್ಲೂ ಬರೆದಿಲ್ಲ. ಈ ಸ್ಥಿತಿ ಮುಂದುವರಿಯಕೂಡದು.

ಆರಂಭದ ಹಂತದಲ್ಲಿ ನೆರವಿನ ದಾರಿಗಳಿವೆ. 2012ರಲ್ಲಿ ಸ್ಥಾಪನೆಯಾದ, ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್, ‘ಬಿಗ್’ ಯೋಜನೆಯಡಿ ಹೊಸ ಪರಿಕಲ್ಪನೆಗೆ 50 ಲಕ್ಷ ರೂಪಾಯಿವರೆಗೆ ಅನುದಾನ ನೀಡುತ್ತದೆ. ಬೆಂಗಳೂರಿನ ಸಿ–ಕ್ಯಾಂಪ್‌ನಂತಹ ಕೇಂದ್ರಗಳು ಜಾಗ, ಉಪಕರಣ ಒದಗಿಸುತ್ತಿವೆ. ಆದರೆ ವಿಜ್ಞಾನಿ ಎಡವುವುದು ಹಣ ಕೈಸೇರುವ ಮೊದಲೇ. ಸಮ್ಮೇಳನದಲ್ಲಿ ಸಂಶೋಧನೆಯ ಪೋಸ್ಟರ್ ಅಂಟಿಸಿ, ಆಮೇಲೆ ಪೇಟೆಂಟ್ ಅರ್ಜಿ ಹಾಕಲು ಹೊರಟರೆ ಯುರೋಪಿನಲ್ಲಿ ಪೇಟೆಂಟಿಗೆ ಬೇಕಾದ ಹೊಸತನವೇ ಬಿದ್ದುಹೋಗುತ್ತದೆ. ಭಾರತದಲ್ಲೂ ವಿನಾಯಿತಿ ಸೀಮಿತ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ಪೋಸ್ಟರ್‌ಗೆ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿದ್ದರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತಿತ್ತು. ಸಕಾಲದಲ್ಲಿ ಇಷ್ಟನ್ನು ಹೇಳದವರು ಸಲಹೆಗಾರರೆನಿಸಿಕೊಳ್ಳಲು ಅರ್ಹರಲ್ಲ.

ಬೇಕಿರುವುದು ಎಂತಹ ಕೈಜೋಡಣೆ ಎಂಬುದಕ್ಕೆ ಶಿಶುಗಳ ಅತಿಸಾರ ತಡೆಯುವ ರೋಟಾವ್ಯಾಕ್ ಲಸಿಕೆ ಸಾಕ್ಷಿ. ದೆಹಲಿಯ ಏಮ್ಸ್‌ನಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳಲ್ಲಿ ಪತ್ತೆಯಾದ ರೋಟಾವೈರಸ್ ತಳಿ ಅದರ ಮೂಲ. ಹೈದರಾಬಾದಿನ ಭಾರತ್ ಬಯೋಟೆಕ್, ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿದೇಶಿ ಸಂಸ್ಥೆಗಳು ಜೊತೆಗೂಡಿದವು. 6,799 ಶಿಶುಗಳ ಮೇಲೆ ಮೂರನೇ ಹಂತದ ಪರೀಕ್ಷೆ ನಡೆಯಿತು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿದ್ದು 2016ರಲ್ಲಿ. ತಯಾರಿಕೆ, ಪರೀಕ್ಷೆ, ಪರವಾನಗಿ, ಬೆಲೆ ಎಲ್ಲವನ್ನೂ ದಾಟಿಸಿದ ಈ ದೀರ್ಘ ದುಡಿಮೆಯನ್ನು ಹೂಡಿಕೆದಾರರೆದುರು ತೋರಿಸುವ ಹತ್ತಿಪ್ಪತ್ತು ಸ್ಲೈಡುಗಳು ಮಾಡಿಕೊಡಲಾರವು. ಸ್ಲೈಡು ತಯಾರಿಸಿಕೊಟ್ಟಷ್ಟಕ್ಕೇ ಸಲಹೆಗಾರರು ಶುಲ್ಕದ ಜೊತೆ ಕಂಪನಿಯ ಷೇರನ್ನೂ ಕೇಳುವುದು ಸಲಹೆಯಲ್ಲ, ಸುಲಿಗೆ.

ಸರ್ಕಾರವೂ ಕೈತೊಳೆದುಕೊಳ್ಳುವಂತಿಲ್ಲ. ಸಾರ್ವಜನಿಕ ಹಣದ ಸಂಶೋಧನೆಯಿಂದ ಹುಟ್ಟುವ ಬೌದ್ಧಿಕ ಸ್ವತ್ತಿನ ಬಗ್ಗೆ 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲೇ ಇಲ್ಲ. ಅಮೆರಿಕ ಇಂಥ ಕಾಯ್ದೆ ತಂದದ್ದು 1980ರಲ್ಲಿ. ವಿಶ್ವವಿದ್ಯಾಲಯಗಳದೂ ತಪ್ಪಿದೆ: ಪ್ರಬಂಧಗಳ ಎಣಿಕೆಗೆ ಕೊಡುವ ಬೆಲೆಯನ್ನು ಪೇಟೆಂಟ್ ಪರಿಶೀಲನೆಗೆ ಕೊಡುತ್ತಿಲ್ಲ.

ಆಗಬೇಕಾದದ್ದು ಸ್ಪಷ್ಟ. ಪ್ರತಿ ಸಂಶೋಧನಾ ಸಂಸ್ಥೆಯಲ್ಲೂ ಔಷಧ ನಿಯಂತ್ರಣ ಮತ್ತು ಪೇಟೆಂಟ್ ಬಲ್ಲ ಪೂರ್ಣಾವಧಿ ಸಿಬ್ಬಂದಿ ಇರಬೇಕು. ಹೊರಗಿನ ಸಲಹೆಗಾರರು ಯಾವ ಉತ್ಪನ್ನವನ್ನು ಯಾವ ಹಂತದವರೆಗೆ ಒಯ್ದಿದ್ದಾರೆ, ಯಾವ ಹೂಡಿಕೆದಾರರೊಂದಿಗೆ ನಂಟಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಮುಗಿದ ಕೆಲಸಕ್ಕಷ್ಟೇ ಶುಲ್ಕ ಸಲ್ಲಬೇಕು. ಈ ಷರತ್ತುಗಳಿಗೆ ಒಪ್ಪದವರಿಗೆ ಸಾರ್ವಜನಿಕ ಅನುದಾನದ ಒಂದು ರೂಪಾಯಿಯೂ ಸೇರಕೂಡದು.