ಕಣ್ಣಿನ ಆಸ್ಪತ್ರೆಯಲ್ಲಿ ಕೈಗೆ ಟ್ಯಾಬ್ಲೆಟ್ ಕೊಟ್ಟರೆ ಏನು ಮಾಡಬೇಕು?

ಕಣ್ಣಿನ ಡಾಕ್ಟರನ್ನು ಕಾಣುವ ಮೊದಲು ಕೆಲವು ಕಡೆ ಈಗ ಕೈಗೊಂದು ಟ್ಯಾಬ್ಲೆಟ್ ಕೊಡುತ್ತಾರೆ. (ಫಾರ್ಮಸಿ ಓದಿದ ನನಗೆ ಟ್ಯಾಬ್ಲೆಟ್ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ಮಾತ್ರೆಯೇ.) ಪರದೆಯ ಮೇಲೆ ಪ್ರಶ್ನೆಗಳು ಬರುತ್ತವೆ: ಪೇಪರ್ ಓದಲು ಎಷ್ಟು ಕಷ್ಟ? ಮಬ್ಬು ಬೆಳಕಿನಲ್ಲಿ ಮೆಟ್ಟಿಲು ಇಳಿಯಲು? ಕಾಯುವ ಹೊತ್ತು ಕಳೆಯಲು ಕೊಟ್ಟಿದ್ದಾರೆ ಎಂದುಕೊಂಡು ಬೇಗ ಬೇಗ ಒತ್ತಿಬಿಡಬೇಡಿ.

ಗೋಡೆಯ ಮೇಲಿನ ಅಕ್ಷರದ ಚಾರ್ಟ್ ಎಲ್ಲವನ್ನೂ ಹೇಳುವುದಿಲ್ಲ. ಗ್ಲಾಕೋಮಾ ಇರುವವರು 6/6 ಸಾಲನ್ನು ಸರಾಗವಾಗಿ ಓದಿಯೂ ಪಕ್ಕದಿಂದ ಬರುವ ಸ್ಕೂಟರನ್ನು ಗಮನಿಸದೆ ಇರಬಹುದು. ಪೊರೆ ಶುರುವಾದವರಿಗೆ ಹಗಲು ತೊಂದರೆ ಇಲ್ಲದಿದ್ದರೂ ರಾತ್ರಿ ಎದುರು ಗಾಡಿಯ ಲೈಟ್ ಕಣ್ಣು ಕುಕ್ಕುತ್ತದೆ. ಇಂಥ ಕಷ್ಟವನ್ನು ಅಳೆಯಲು ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನ 25 ಪ್ರಶ್ನೆಗಳ ವಿಎಫ್‌ಕ್ಯೂ-25 ಇದೆ. ನಮ್ಮ ದೇಶದ ರೋಗಿಗಳಿಗಾಗಿಯೇ ರೂಪಿಸಿದ 33 ಪ್ರಶ್ನೆಗಳ ಇಂಡ್-ವಿಎಫ್‌ಕ್ಯೂ 2005ರಲ್ಲಿ ಪ್ರಕಟವಾಯಿತು. ಅಕ್ಷಿಪಟಲದ ಕಾಯಿಲೆಗೆ ಕಣ್ಣೊಳಗೆ ಕೊಡುವ ರಾನಿಬಿಝುಮ್ಯಾಬ್ ಇಂಜೆಕ್ಷನ್ನಿನ ದೊಡ್ಡ ಪ್ರಯೋಗಗಳಲ್ಲೂ ವಿಎಫ್‌ಕ್ಯೂ-25 ಬಳಸಿದ್ದರು. ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ದೊಡ್ಡದು ಮಾಡಬಹುದು, ಪ್ರಶ್ನೆಯನ್ನು ಓದಿ ಹೇಳಿಸಬಹುದು, ಅಂಕ ತಕ್ಷಣ ಸಿಗುತ್ತದೆ.

ಎಡವುವುದು ಉತ್ತರದ ಕೊನೆಯ ಎರಡು ಆಯ್ಕೆಗಳಲ್ಲಿ. ವಿಎಫ್‌ಕ್ಯೂ-25ರಲ್ಲಿ 'ಸ್ವಲ್ಪವೂ ಕಷ್ಟವಿಲ್ಲ' ಎಂದರೆ 100 ಅಂಕ, 'ತುಂಬಾ ಕಷ್ಟ' ಎಂದರೆ 25. ಆಮೇಲೆ 'ದೃಷ್ಟಿಯ ಕಾರಣಕ್ಕೆ ಬಿಟ್ಟಿದ್ದೇನೆ' ಎಂದಿರುತ್ತದೆ, ಅದಕ್ಕೆ 0. ಅದರ ಕೆಳಗೆ 'ಬೇರೆ ಕಾರಣಕ್ಕೆ ಬಿಟ್ಟಿದ್ದೇನೆ, ಅಥವಾ ಆಸಕ್ತಿ ಇಲ್ಲ'. ಇದನ್ನು ಒತ್ತಿದರೆ ಆ ಪ್ರಶ್ನೆ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಮನೆಯ ಹಿರಿಯರನ್ನು ನೆನಪಿಸಿಕೊಳ್ಳಿ. "ಹೊಲಿಗೆಯಾ? ಈಗ ಮಾಡಲ್ಲಪ್ಪ, ಸೊಸೆ ನೋಡ್ಕೋತಾಳೆ" ಎನ್ನುತ್ತಾರೆ. ಸೂಜಿಗೆ ದಾರ ಪೋಣಿಸಲಾಗದೆ ಬಿಟ್ಟಿದ್ದು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಗ ಬೇರೆ ಕಾರಣ ಎಂದು ಒತ್ತುತ್ತಾನೆ. ನಿಜವಾದ ಸೊನ್ನೆ ಮಾಯವಾಗಿ, ಒಟ್ಟು ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಜೊತೆಗೆ ಹೋದವರು ಇನ್ನೊಂದು ಮಾತು ಕೇಳಿ: "ಕಣ್ಣು ಮೊದಲಿನ ಹಾಗೆ ಇದ್ದಿದ್ದರೆ ಮಾಡ್ತಿದ್ರಾ?" ಆಮೇಲೆ ಸುಮ್ಮನಿರಿ, ಉತ್ತರ ಅವರದೇ ಇರಲಿ. 'ನಾನು ಮನೆಯವರಿಗೆ ಹೊರೆ' ಎಂಬಂಥ ಪ್ರಶ್ನೆ ಬಂದಾಗ ಸ್ವಲ್ಪ ದೂರ ಹೋಗಿ ಕುಳಿತರೆ ಇನ್ನೂ ಒಳ್ಳೆಯದು. ಮಗನ ಮುಂದೆ ಯಾವ ತಾಯಿ ಹೌದು ಎಂದಾಳು?

ಮುಂಬೈಯಲ್ಲೋ ಚೆನ್ನೈಯಲ್ಲೋ ಟ್ಯಾಬ್ಲೆಟ್ಟಿನಲ್ಲಿ ಕನ್ನಡ ಇಲ್ಲದೆ ಇರಬಹುದು. ಆದರೂ ಕೇಳಿ ನೋಡಿ. ಇಲ್ಲವೆಂದರೆ ನೀವು ಬಾಯಲ್ಲೇ ಅನುವಾದಿಸಬೇಕಾಗುತ್ತದೆ, ಆಗ ಆಯ್ಕೆಗಳನ್ನು ಒಂದೂ ಬಿಡದೆ ಪ್ರತಿ ಸಲವೂ ಒಂದೇ ಮಾತಿನಲ್ಲಿ ಹೇಳಿ. ಒಮ್ಮೆ 'ಸುಮಾರು ಕಷ್ಟ', ಮತ್ತೊಮ್ಮೆ 'ಪರವಾಗಿಲ್ಲ' ಎಂದರೆ ಉತ್ತರವೂ ಬದಲಾಗುತ್ತದೆ. ಯಾರು ಅನುವಾದಿಸಿದರು ಎಂಬುದನ್ನು ಸಿಬ್ಬಂದಿಗೆ ತಿಳಿಸಿ ಬರೆಸಿಡಿ.

ಕನ್ನಡಕ ಮರೆಯಬೇಡಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲೇ ಪ್ರಶ್ನೆಗಳನ್ನು ಮುಗಿಸಿಕೊಳ್ಳಿ, ಹಾಕಿದ ಮೇಲೆ ಹತ್ತಿರದ್ದು ಕೆಲವು ಗಂಟೆ ಮಸುಕಾಗಿರುತ್ತದೆ. ಅಂಕ, ತಾರೀಖು ಇರುವ ಪ್ರತಿಯನ್ನು ಕೇಳಿ ಫೈಲಿಗೆ ಸೇರಿಸಿ. ಆಪರೇಷನ್ ಅಥವಾ ಇಂಜೆಕ್ಷನ್ ಆದ ಮೇಲೆ ಮತ್ತೆ ಇದೇ ಪ್ರಶ್ನೆಗಳು ಬಂದಾಗ, ಹೋಲಿಸಿ ನೋಡಲು ಅದು ಬೇಕಾಗುತ್ತದೆ.