ನಿಧಾನದ ಓಟ

ಇಂಡಿಯಿಂದ ಸಿಂದಗಿಗೆ ನಸುಕಿನ ಬಸ್ಸಿನಲ್ಲಿ ಹೊರಟವರಿಗೆ ಒಂದು ನೋಟ ಪರಿಚಿತವಾದುದು. ಮಬ್ಬು ಇನ್ನೂ ಹರಿದಿರುವುದಿಲ್ಲ. ಡಾಂಬರು ರಸ್ತೆಯ ಅಂಚಿನಲ್ಲಿ ಹದಿನೆಂಟು ಇಪ್ಪತ್ತರ ಪ್ರಾಯದ ನಾಲ್ಕಾರು ತರುಣರು ಏದುಸಿರು ಬಿಡುತ್ತ ಓಡುತ್ತಿರುತ್ತಾರೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೂ ಇದೇ ನೋಟ. ಇವರಲ್ಲಿ ಹೆಚ್ಚಿನವರು ಪದಕಗಳ ಕನಸು ಕಂಡವರಲ್ಲ. ಪೊಲೀಸ್ ಇಲಾಖೆಯ ಅಥವಾ ಸೈನ್ಯದ ಭರ್ತಿಗೆ ಸಿದ್ಧರಾಗುತ್ತಿರುವವರು. ನಮ್ಮ ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಬಯಸುವ ತರುಣನು 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು. ಮಳೆಯನ್ನೇ ನಂಬಿದ ಒಕ್ಕಲುತನದ ಮನೆಯಲ್ಲಿ ಆ ಆರೂವರೆ ನಿಮಿಷಗಳಿಗೆ ಎಷ್ಟು ಬೆಲೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೆ ಇವರು ಓಡುವ ರೀತಿಯನ್ನು ಮೆಚ್ಚುವುದು ಕಷ್ಟ. ಭರ್ತಿಯ ಪ್ರಕಟಣೆ ಹೊರಬಿದ್ದ ಮೇಲೆ ಅಭ್ಯಾಸಕ್ಕೆ ತೊಡಗುತ್ತಾರೆ. ಮೊದಲ ದಿನದಿಂದಲೇ ಗಡಿಯಾರದ ಬೆನ್ನು ಹತ್ತುತ್ತಾರೆ. ಅದೇ 1600 ಮೀಟರುಗಳನ್ನು ದಿನವೂ ಮೈಯಲ್ಲಿದ್ದ ಕಸುವನ್ನೆಲ್ಲ ಸುರಿದು ಓಡುತ್ತಾರೆ. ಮೂರು ನಾಲ್ಕು ವಾರಗಳಾಗುವಷ್ಟರಲ್ಲಿ ಕಣಕಾಲಿನ ಎಲುಬಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಕೆಲವರು ಬಟ್ಟೆ ಬಿಗಿದುಕೊಂಡು ಮತ್ತೆ ಓಡುತ್ತಾರೆ. ಇನ್ನು ಕೆಲವರು, ಓಟ ತಮ್ಮ ಹಣೆಯಲ್ಲಿ ಬರೆದಿಲ್ಲವೆಂದು ಕೈಬಿಡುತ್ತಾರೆ. ಕೊರತೆ ಹಣೆಬರಹದಲ್ಲಿಲ್ಲ, ಅವಸರದಲ್ಲಿದೆ.

ನಮ್ಮ ದೇಹದ ಅಂಗಗಳೆಲ್ಲವೂ ಒಂದೇ ಹದದಲ್ಲಿ ಬಲಗೊಳ್ಳುವುದಿಲ್ಲ. ಓಡಲು ತೊಡಗಿದ ಕೆಲವೇ ವಾರಗಳಲ್ಲಿ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕತೊಡಗುತ್ತದೆ. ಸ್ನಾಯುಗಳಲ್ಲಿ ಕೂದಲೆಳೆಗಿಂತ ಸಣ್ಣದಾದ ರಕ್ತನಾಳಗಳು ಹೆಚ್ಚುತ್ತವೆ. ಉಸಿರು ಹಗುರವಾಗುತ್ತದೆ. ಆದರೆ ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನಲ್ಲಿಯ ಹಳೆಯ ಭಾಗವನ್ನು ಕಳೆದುಕೊಂಡು, ಅನಂತರ ಅಲ್ಲಿ ಹೊಸದನ್ನು ತುಂಬಿಕೊಳ್ಳುತ್ತದೆ. ಹಳೆಯ ಗೋಡೆಯ ಕಲ್ಲು ಕಿತ್ತು ಹೊಸ ಕಲ್ಲು ಕೂಡಿಸುವ ನಡುವಿನ ಹೊತ್ತು ಎಂಥದೋ ಈ ವಾರಗಳೂ ಅಂಥವೇ. ಉಸಿರು ಸುಧಾರಿಸಿತೆಂದು ಹಿಗ್ಗಿದ ಓಟಗಾರನು ಸರಿಯಾಗಿ ಆ ಹೊತ್ತಿನಲ್ಲಿಯೇ ವೇಗವನ್ನು ಹೆಚ್ಚಿಸುತ್ತಾನೆ. ಪೆಟ್ಟು ಬೀಳುವುದು ಆಗಲೇ.

‘ವೇಗ ಬೇಕಾದವನು ವೇಗವಾಗಿಯೇ ಓಡಬೇಕಲ್ಲವೆ? ನಿಧಾನವಾಗಿ ಓಡಿದರೆ ಆರೂವರೆ ನಿಮಿಷ ಹೇಗೆ ಸಾಧ್ಯ?’ ಎಂದು ತರುಣರು ಕೇಳಿಯಾರು. ಈ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ನೂರು ಮೀಟರುಗಳ ಓಟಕ್ಕೆ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಶಕ್ತಿಯೇ ಬಹುಮಟ್ಟಿಗೆ ಸಾಕು. ಆರು ನಿಮಿಷಗಳ ಓಟಕ್ಕೆ ಅದು ಸಾಲದು. ಅಲ್ಲಿ ಶಕ್ತಿಯ ಹೆಚ್ಚಿನ ಪಾಲು ಉಸಿರಿನೊಡನೆ ಒಳಬರುವ ಆಮ್ಲಜನಕದ ನೆರವಿನಿಂದ ಹುಟ್ಟಬೇಕು. ಈ ಸಾಮರ್ಥ್ಯಕ್ಕೆ ಬುನಾದಿ ಬೀಳುವುದು ಅರ್ಧ ತಾಸು, ಮುಕ್ಕಾಲು ತಾಸು ಆಯಾಸವಿಲ್ಲದೆ ಓಡುವುದರಿಂದ. ಆಯಾಸವಿಲ್ಲದ ಓಟ ಯಾವುದೆಂದು ತಿಳಿಯಲು ಯಂತ್ರ ಬೇಡ. ಜೊತೆಯಲ್ಲಿರುವವನೊಡನೆ ತಡವರಿಸದೆ ಮಾತನಾಡಲು ಬರುತ್ತಿದ್ದರೆ ವೇಗ ಸರಿಯಾಗಿದೆ. ಮಾತು ತುಂಡಾಗತೊಡಗಿದರೆ ಕಾಲನ್ನು ಹಿಡಿಯಬೇಕು.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು ಇದನ್ನೇ ಜಗತ್ತಿಗೆ ತೋರಿಸಿಕೊಟ್ಟರು. ಕೇವಲ 800 ಮೀಟರು ಓಡುವ ಪೀಟರ್ ಸ್ನೆಲ್ ಎಂಬ ತರುಣನನ್ನು ಅವರು ಸುಮಾರು 35 ಕಿಲೋಮೀಟರುಗಳ ಗುಡ್ಡದ ದಾರಿಯಲ್ಲಿ ಓಡಿಸುತ್ತಿದ್ದರು. ವೇಗದ ಅಭ್ಯಾಸ ಅದೆಲ್ಲ ಆದ ಮೇಲೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ ಸ್ವರ್ಣಪದಕ ಗೆದ್ದರು. ಅದೇ ದಿನ ಲಿಡಿಯಾರ್ಡರ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್‌ಬರ್ಗ್ 5000 ಮೀಟರುಗಳಲ್ಲಿ ಗೆದ್ದರು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನೆರೆಯ ಬೆಳಗಾವಿಯ ಫಡೆಪ್ಪ ಚೌಗುಲೆ ಅವರನ್ನು ನಾವು ಮರೆತಿದ್ದೇವೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ಒಕ್ಕಲು ಮಕ್ಕಳನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರಿಗೆ ಭಾರತದ ತಂಡವನ್ನು ಒಲಿಂಪಿಕ್ಸಿಗೆ ಕಳುಹಿಸುವ ಮನಸ್ಸಾಯಿತು. ಮರುವರ್ಷ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋದ ಆ ತಂಡದಲ್ಲಿ ಚೌಗುಲೆ ಇದ್ದರು. ಮ್ಯಾರಥಾನ್ ಓಟದ ದೂರ ಅಲ್ಲಿ 42.75 ಕಿಲೋಮೀಟರು. ಅದನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾದರು.

ನಮ್ಮ ಹಿರಿಯರಿಗಂತೂ ಈ ವಿದ್ಯೆ ಹೊಸದಲ್ಲ. ಯುಗಾದಿಯ ಮುನ್ನ ಈ ಭಾಗದ ಊರೂರುಗಳಿಂದ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಪಾದಯಾತ್ರೆ ಹೊರಡುತ್ತದೆ. ನೂರಾರು ಕಿಲೋಮೀಟರುಗಳ ದಾರಿ. ಬಹಳ ಸಲ ಹೋಗಿಬಂದವರನ್ನು ಗಮನಿಸಿರಿ: ಬೆಳಗಿನ ತಂಪಿನಲ್ಲಿ ನಡೆದು, ಬಿಸಿಲೇರಿದಾಗ ಗಿಡದ ನೆರಳು ಹಿಡಿಯುತ್ತಾರೆ, ಮೊದಲ ದಿನ ಯಾರೊಡನೆಯೂ ಪೈಪೋಟಿಗಿಳಿಯುವುದಿಲ್ಲ. ಹೊಸಬರು ಮುಂದೆ ಮುಂದೆ ಹೋಗುತ್ತಾರೆ, ಮೂರನೆಯ ದಿನ ಕಾಲಲ್ಲಿ ಬೊಬ್ಬೆಗಳೆದ್ದು ಹಿಂದೆ ಉಳಿಯುತ್ತಾರೆ.

ಹೊಸದಾಗಿ ಓಡುವವನು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಲಿ. ಹೀಗೆ ಹತ್ತು ಸಲ ಮಾಡಿದರೆ ಅರ್ಧ ತಾಸು. ವಾರಕ್ಕೆ ಮೂರು ನಾಲ್ಕು ದಿನ ಸಾಕು. ನಡುವಣ ದಿನಗಳ ವಿಶ್ರಾಂತಿ ಸೋಮಾರಿತನವಲ್ಲ, ಎಲುಬು ಬಲಿಯುವುದು ಆಗಲೇ. ವಾರವಾರಕ್ಕೆ ಓಟವನ್ನು ತುಸು ಹಿಗ್ಗಿಸಿ ನಡಿಗೆಯನ್ನು ಕುಗ್ಗಿಸುತ್ತ ಹೋದರೆ ಎರಡು ಮೂರು ತಿಂಗಳಲ್ಲಿ ಅರ್ಧ ತಾಸು ಬಿಡದೆ ಓಡಬಹುದು. ವಾರಕ್ಕೊಮ್ಮೆ ವೇಗವಾಗಿ ಓಡುವ ಅಭ್ಯಾಸವನ್ನು ಆಮೇಲೆ ಸೇರಿಸಿಕೊಳ್ಳಬೇಕು. ಹೀಗಾಗಿ ಪ್ರಕಟಣೆಗಾಗಿ ಕಾಯುತ್ತ ಕೂಡುವಂತಿಲ್ಲ. ಆರು ತಿಂಗಳು ಮೊದಲೇ ತೊಡಗಬೇಕು.

ನೆಲ ಮತ್ತು ಋತುಗಳ ಮಾತೂ ಇದೆ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕುವಷ್ಟು ಬಿರಿಯುತ್ತದೆ. ಡಾಂಬರಿನ ಮೇಲೆ ಲಾರಿಗಳ ಭಯ. ಕಾಲುವೆಗಳು ಬಂದ ಊರುಗಳಲ್ಲಿ ಪಕ್ಕದ ಮಣ್ಣಿನ ದಾರಿ ಸಮತಟ್ಟಾಗಿರುತ್ತದೆ. ಬೆಳಕು ಹರಿದ ಮೇಲೆ ಅಲ್ಲಿ ಓಡುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಏಳು ಗಂಟೆಯೊಳಗೆ ಮನೆ ಸೇರಬೇಕು. ಬೆವರಿನೊಡನೆ ಹೋದ ಉಪ್ಪು ನೀರುಗಳಿಗೆ ಉಪ್ಪು ಹಾಕಿದ ಮಜ್ಜಿಗೆಯಿದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿಗಳಿರುವ ಮನೆಯಲ್ಲಿ ಡಬ್ಬಿಯ ಪುಡಿಗಳಿಗೆ ದುಡ್ಡು ಸುರಿಯುವುದು ನನಗೆ ಸರಿಕಾಣದು.

ಇಷ್ಟೆಲ್ಲ ಹುಡುಗರ ಮಾತಾಯಿತು. ಹುಡುಗಿಯರೂ ಇದೇ ಪೊಲೀಸ್ ಭರ್ತಿಗೆ ಹೋಗುತ್ತಾರೆ. ಅವರು 400 ಮೀಟರುಗಳನ್ನು 2 ನಿಮಿಷಗಳಲ್ಲಿ ಮುಗಿಸಬೇಕು. ಅವರು ಎಲ್ಲಿ ಓಡಬೇಕು? ನಸುಕಿನ ರಸ್ತೆಗೆ ಮಗಳನ್ನು ಒಬ್ಬಳನ್ನೇ ಕಳಿಸಲು ತಂದೆತಾಯಿಗಳು ಹಿಂಜರಿದರೆ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಎಷ್ಟೋ ಊರುಗಳಲ್ಲಿ ಪ್ರೌಢಶಾಲೆಗೆ ಕಂಪೌಂಡಿರುವ ಬಯಲಿದೆ, ಅದರ ಗೇಟಿಗೆ ಒಂಬತ್ತು ಗಂಟೆಯವರೆಗೆ ಬೀಗವಿರುತ್ತದೆ. ಬಯಲಿನಲ್ಲಿ 200 ಮೀಟರುಗಳ ಒಂದು ಸುತ್ತನ್ನು ಸುಣ್ಣದಿಂದ ಗುರುತು ಮಾಡಿದರೆ ಎರಡು ಸುತ್ತು ಹುಡುಗಿಯರ ಓಟವಾಯಿತು, ಎಂಟು ಸುತ್ತು ಹುಡುಗರ ಓಟವಾಯಿತು. ಬೆಳಗಿನ ಐದೂವರೆಗೆ ಆ ಬೀಗ ತೆಗೆಯಲು ಊರಿನವರು ಸರದಿಯಂತೆ ಒಬ್ಬೊಬ್ಬರನ್ನು ಗೊತ್ತುಮಾಡಿದರೆ ಸಾಕು.