ಚಲಚ್ಚಿತ್ರವೂ ಕಟ್ಟಡದ ಋಣವೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ, ದೇಶವಿದೇಶಗಳ ಅಸಂಖ್ಯ ಪ್ರೇಕ್ಷಕರು ತೆರೆಯ ಮೇಲೆ ಕಂಡಿರುವ, ಆದರೆ ಎಲ್ಲಿಯದೆಂದು ಅವರಲ್ಲಿ ಹೆಚ್ಚಿನವರು ಅರಿಯದಿರುವ ಒಂದು ಕಟ್ಟಡವುಂಟು. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಾದ ನಾವು ಅದರ ಮುಂದಿನ ಹಾದಿಯಲ್ಲಿ ದಿನವೂ ಓಡಾಡುತ್ತೇವೆ. ಅದು ಭಾರತೀಯ ನಿರ್ವಹಣಾ ಸಂಸ್ಥೆ, ಎಂದರೆ ಜನರ ಬಾಯಲ್ಲಿ ಐ.ಐ.ಎಂ. 2009ರ ಡಿಸೆಂಬರಿನಲ್ಲಿ ಬಿಡುಗಡೆಯಾದ, ರಾಜಕುಮಾರ ಹಿರಾನಿಯವರ ನಿರ್ದೇಶನದ ‘ತ್ರೀ ಈಡಿಯಟ್ಸ್’ ಎಂಬ ಹಿಂದೀ ಚಿತ್ರದಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಮೆರೆದದ್ದು ಈ ಕಟ್ಟಡವೇ. ಕಥೆಯ ಪ್ರಕಾರ ಆ ಕಾಲೇಜು ಇರುವುದು ದೆಹಲಿಯಲ್ಲಿ! ಕಲ್ಲು ನಮ್ಮದು, ನೆರಳು ನಮ್ಮದು, ಹಸುರು ನಮ್ಮದು. ವಿಳಾಸ ಮಾತ್ರ ಬೇರೆಯದು.

ಈ ಕಟ್ಟಡದ ಸ್ಥಪತಿ ಬಾಲಕೃಷ್ಣ ದೋಶಿಯವರು. 1927ರಲ್ಲಿ ಜನಿಸಿ 2023ರಲ್ಲಿ ದಿವಂಗತರಾದ ಈ ಮಹನೀಯರು ಲ ಕಾರ್ಬುಸಿಯೆ, ಲೂಯಿ ಕಾನ್ ಇಬ್ಬರೊಡನೆಯೂ ಕೆಲಸ ಮಾಡಿದವರು. 2018ರಲ್ಲಿ ವಾಸ್ತುಶಿಲ್ಪಕ್ಕೆ ಮೀಸಲಾದ ಪ್ರಿಟ್ಜ್ಕರ್ ಪ್ರಶಸ್ತಿಯನ್ನು ಪಡೆದ ಮೊದಲನೆಯ ಭಾರತೀಯರು. ಅವರು ಫತೇಪುರ ಸಿಕ್ರಿಯ ಅಂಗಳಗಳ ಕ್ರಮವನ್ನು ಮನಸ್ಸಿನಲ್ಲಿಟ್ಟು, ಅದನ್ನು ಬೆಂಗಳೂರಿನ ತಂಪು ಹವೆಗೂ ತೋಟದ ಸ್ವಭಾವಕ್ಕೂ ಒಗ್ಗಿಸಿ ಈ ಆವರಣವನ್ನು ರೂಪಿಸಿದರು. ಒರಟಾದ ಬೂದುಬಣ್ಣದ ಕಗ್ಗಲ್ಲಿನ ಗೋಡೆಗಳು, ಉದ್ದವಾದ ಪಡಸಾಲೆಗಳು, ಕೆಲವೆಡೆ ಪೂರ್ಣ ಮಾಡು, ಕೆಲವೆಡೆ ಬರಿಯ ತೊಲೆಗಳ ಸಾಲು, ಕೆಲವೆಡೆ ಬಯಲು. ಹೊತ್ತು ಏರಿದಂತೆ ನೆರಳು ನೆಲದ ಮೇಲೆ ಸರಿಯುತ್ತದೆ, ಬಳ್ಳಿಯು ತೊಲೆಯನ್ನಪ್ಪುತ್ತದೆ. ತರಗತಿಯಿಂದ ತರಗತಿಗೆ ನಡೆಯುವ ವಿದ್ಯಾರ್ಥಿಯು ಒಳಗಿದ್ದಾನೆಯೋ ಹೊರಗಿದ್ದಾನೆಯೋ ಹೇಳುವಂತಿಲ್ಲ. ವರುಷದ ಬಹುಭಾಗ ಬಯಲಲ್ಲಿ ಕುಳಿತು ಮಾತನಾಡಬಹುದಾದ ಊರಿಗೆ ಹೇಳಿ ಮಾಡಿಸಿದ ರಚನೆ ಇದು. ಕಟ್ಟಡವನ್ನು ಅದರ ಹವೆಯಿಂದ ಬೇರ್ಪಡಿಸಿದರೆ ಅದರ ಅರ್ಥದಲ್ಲಿ ಅರ್ಧವು ಹೋದಂತೆಯೇ. ಜ್ಯೇಷ್ಠ ಮಾಸದ ಉರಿಬಿಸಿಲೂ ಪುಷ್ಯದ ಕೊರೆಯುವ ಚಳಿಯೂ ಇರುವ ದೆಹಲಿಯಲ್ಲಿ ಇದು ನಿಂತಿದೆಯೆಂದು ನಂಬಿದ ಪ್ರೇಕ್ಷಕನು ಕಟ್ಟಡವನ್ನು ನೋಡಿಯೂ ನೋಡಲಿಲ್ಲ.

ನಾನು ಆ ಒಂದು ಚಿತ್ರವನ್ನು ದೂಷಿಸಲು ಹೊರಟವನಲ್ಲ. ಅದು ಸೊಗಸಾದ ಚಿತ್ರವೇ ಇರಬಹುದು. ನನ್ನ ಆಕ್ಷೇಪವಿರುವುದು ಇಡೀ ಚಿತ್ರಪ್ರಪಂಚದ ಒಂದು ರೂಢಿಯ ಮೇಲೆ. ಕಟ್ಟಡವನ್ನು ಎರವಲು ತರುವುದು, ಅದರ ಚೆಲುವಿನಿಂದ ತನ್ನ ಚೆಲುವನ್ನು ಹೆಚ್ಚಿಸಿಕೊಳ್ಳುವುದು, ಕೊನೆಗೆ ಅದರ ಹೆಸರನ್ನಾಗಲಿ ಊರನ್ನಾಗಲಿ ಕಟ್ಟಿದವನನ್ನಾಗಲಿ ಸ್ಮರಿಸದೆ ಎದ್ದುಹೋಗುವುದು: ಇದು ಋಣವನ್ನು ತೀರಿಸದ ನಡತೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದ ನಮ್ಮ ಹಿರಿಯರು ಶಿಲ್ಪಿಯ ಋಣವನ್ನು ಬೇರೆಯಾಗಿ ಹೇಳಲಿಲ್ಲ. ಆದರೆ ಉಂಡ ಮನೆಯ ಹೆಸರನ್ನು ಹೇಳದವನನ್ನು ಯಾವ ಶಾಸ್ತ್ರವೂ ಹೊಗಳಲಾರದು.

ಇದಕ್ಕೆ ಬರುವ ಮೊದಲನೆಯ ಆಕ್ಷೇಪವನ್ನು ಬಲ್ಲೆ. “ಸ್ವಾಮಿ, ಚಲಚ್ಚಿತ್ರವೆಂಬುದು ಕಥೆ; ಭೂಗೋಳದ ಪಾಠವಲ್ಲ. ಕವಿಯು ಉಜ್ಜಯಿನಿಯನ್ನು ಎಲ್ಲಿ ಬೇಕಾದರೂ ಕಟ್ಟಿಕೊಳ್ಳಬಹುದು.” ಒಪ್ಪಿದೆ. ಕಥೆಯೊಳಗೆ ದೆಹಲಿಯೇ ಇರಲಿ, ಇಂದ್ರನ ಅಮರಾವತಿಯೇ ಇರಲಿ. ಅದು ಕವಿಯ ಸ್ವಾತಂತ್ರ್ಯ. ಆದರೆ ಕಥೆ ಮುಗಿದ ಮೇಲೆ ತೆರೆಯ ಮೇಲೆ ಹಲವು ನಿಮಿಷಗಳ ಕಾಲ ಹೆಸರುಗಳ ಪ್ರವಾಹ ಹರಿಯುತ್ತದೆಯಲ್ಲ, ಅದು ಕಥೆಯಲ್ಲ, ಅದು ಲೆಕ್ಕ. ಅಲ್ಲಿ ಕೇಶಾಲಂಕಾರ ಮಾಡಿದವರ ಹೆಸರುಂಟು, ವಾಹನ ನಡೆಸಿದವರ ಹೆಸರುಂಟು, ಊಟ ಒದಗಿಸಿದವರ ಹೆಸರುಂಟು. ಇರಬೇಕಾದ್ದೇ, ದುಡಿದವರೆಲ್ಲರೂ ವಂದ್ಯರು. ಚಿತ್ರೀಕರಣಕ್ಕೆ ಜಾಗ ಕೊಟ್ಟವರಿಗೂ ಒಮ್ಮೊಮ್ಮೆ ಒಂದು ಸಾಲಿನ ಕೃತಜ್ಞತೆ ಸಲ್ಲುತ್ತದೆ. ಹಾಗಿದ್ದ ಮೇಲೆ, ಗಂಟೆಗಟ್ಟಲೆ ತೆರೆಯನ್ನು ತುಂಬಿ ನಿಂತ ಕಟ್ಟಡವನ್ನು ಕಲ್ಪಿಸಿದ ಸ್ಥಪತಿಯ ಹೆಸರು ಅಲ್ಲಿ ಕಾಣುವುದು ಏಕಿಷ್ಟು ಅಪೂರ್ವ? ಒಂದು ಸಾಲಿಗೆ ತಗಲುವ ವೆಚ್ಚವೆಷ್ಟು?

ಎರಡನೆಯ ಆಕ್ಷೇಪ: “ಕಟ್ಟಡವು ಬರಿಯ ಹಿನ್ನೆಲೆ, ನಟನಂತೆ ಅದು ಏನನ್ನೂ ಮಾಡುವುದಿಲ್ಲ.” ಈ ಮಾತು ನಮ್ಮ ಕನ್ನಡ ಚಿತ್ರಗಳನ್ನು ಮನಸ್ಸಿಟ್ಟು ನೋಡದವರದು. 1970ರಲ್ಲಿ ಬಂದ, ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು ನೆನೆಯಿರಿ. ಒಂದು ಮನೆಯಲ್ಲಿ ಶವವಿದೆ. ಅದರ ಸಂಸ್ಕಾರವಾಗುವ ತನಕ ಅಗ್ರಹಾರದವರಾರೂ ಉಣ್ಣುವಂತಿಲ್ಲ. ಮನೆಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಂತಿರುವುದರಿಂದಲೇ, ಒಂದು ಮನೆಯ ಸಾವು ಬೀದಿಯ ಸಾವಾಗುತ್ತದೆ. ಜಗಲಿಯಿಲ್ಲದಿದ್ದರೆ ಅಲ್ಲಿ ಚರ್ಚೆಯಿಲ್ಲ. ಸಾಲುಮನೆಯಿಲ್ಲದಿದ್ದರೆ ಸಂಕಟವೇ ಇಲ್ಲ. ಶೃಂಗೇರಿಯ ಸಮೀಪದ ವೈಕುಂಠಪುರದ ಮನೆಗಳು ಆ ಚಿತ್ರದಲ್ಲಿ ಹಿನ್ನೆಲೆಯಲ್ಲ, ಪಾತ್ರ. ಇನ್ನು 1972ರ ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು ನಿರ್ಮಿಸಿದ ಆ ಕಥಾಲೋಕದಲ್ಲಿ ಊರಿನ ಹೆಸರು ಮರೆಯಾಗಲಿಲ್ಲ. ಚಿತ್ರದುರ್ಗವು ಚಿತ್ರದುರ್ಗವಾಗಿಯೇ ಉಳಿಯಿತು; ಒನಕೆ ಓಬವ್ವನ ಕಿಂಡಿಯು ಹಾಡಾಯಿತು. ಇಂದಿಗೂ ಆ ಕೋಟೆಯನ್ನು ಹತ್ತುವ ಕುಟುಂಬಗಳು ಕಿಂಡಿಯನ್ನು ವಿಚಾರಿಸಿಕೊಂಡು ಹೋಗುತ್ತವೆ. ಹೆಸರನ್ನು ಹೇಳಿದ್ದರಿಂದ ಕಥೆಗೆ ನಷ್ಟವಾಯಿತೆ? ಕಥೆಯೂ ಬೆಳೆಯಿತು, ಕೋಟೆಯೂ ಬೆಳಗಿತು.

ಮೂರನೆಯ ಆಕ್ಷೇಪವು ಮೇಲ್ನೋಟಕ್ಕೆ ಬಲವಾದದ್ದು. “ಹೆಸರು ಹೇಳದಿದ್ದರೇನು? ಕಟ್ಟಡದ ರೂಪವನ್ನಾದರೂ ಚಿತ್ರವು ಉಳಿಸುತ್ತದೆಯಲ್ಲ!” ಪಾಠಶಾಲೆಯಲ್ಲಿ ಓಲೆಗರಿಗಳನ್ನು ಬಿಡಿಸಿ ಓದಿದವರಿಗೆ ಇದರ ಉತ್ತರ ಗೊತ್ತು. ಗ್ರಂಥದ ತುದಿಯಲ್ಲಿ ಕರ್ತೃವಿನ ಹೆಸರನ್ನೂ ಗ್ರಂಥದ ಹೆಸರನ್ನೂ ಹೇಳುವ ಪುಷ್ಪಿಕೆಯೊಂದಿರುತ್ತದೆ. ಆ ಕೊನೆಯ ಗರಿ ಕಳೆದುಹೋದರೆ ಗ್ರಂಥವು ಅನಾಥ; ವಿದ್ವಾಂಸರು ಅದರ ಕಾಲಕರ್ತೃಗಳಿಗಾಗಿ ತಲೆಮಾರುಗಳ ತನಕ ವಾದಿಸುತ್ತಾರೆ. ಹೆಸರಿಲ್ಲದ ಕಟ್ಟಡದ ಚಿತ್ರವೂ ಹಾಗೆಯೇ.

ನಮ್ಮ ಬಡಾವಣೆಗಳ ಸ್ಥಿತಿಯನ್ನೇ ನೋಡಿರಿ. ರಾಜಾಜಿಯವರು 1948ರಲ್ಲಿ ಅಡಿಗಲ್ಲು ಹಾಕಿದ ಜಯನಗರದ ಮೊದಲ ತಲೆಮಾರಿನ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಕೆಂಪು ಗಾರೆಯ ನೆಲ, ಮುಂದಿನ ವರಾಂಡ, ಕಾಂಪೌಂಡಿನ ಒಳಗೊಂದು ಸಂಪಿಗೆಯೋ ಪಾರಿಜಾತವೋ, ಹಿತ್ತಿಲಲ್ಲಿ ಒಗೆಯುವ ಕಲ್ಲು: ಇವುಗಳ ಜಾಗದಲ್ಲಿ ಕೆಳಗೆ ಕಾರು, ಮೇಲೆ ನಾಲ್ಕಂತಸ್ತು. ಹಿರಿಯರು ಚಿತ್ರ ನೋಡುತ್ತಿದ್ದ ಮಂದಿರಗಳದೂ ಅದೇ ಗತಿ. ನಾಲ್ಕನೆಯ ಬ್ಲಾಕಿನ ವ್ಯಾಪಾರ ಸಂಕೀರ್ಣದಲ್ಲಿ ಪುಟ್ಟಣ್ಣನವರ ಹೆಸರನ್ನೇ ಹೊತ್ತಿದ್ದ ಚಿತ್ರಮಂದಿರವು ಈಗಿಲ್ಲ. ‘ನಂದಾ ಟಾಕೀಸ್’ ಎಂಬ ಹೆಸರು ಜನರ ಬಾಯಲ್ಲಿದೆ, ಟಾಕೀಸು ಇಲ್ಲ. ಹೆಸರು ಉಳಿದು ಕಟ್ಟಡ ಹೋದ ಉದಾಹರಣೆ ಅದು. ಚಿತ್ರಗಳಲ್ಲಿಯೋ, ಕಟ್ಟಡದ ಬಿಂಬ ಉಳಿದು ಹೆಸರು ಹೋಗುತ್ತದೆ. ಎರಡನ್ನೂ ಕೂಡಿಸಿಡಬೇಕಾದವರು ಯಾರು?

“ಚಿತ್ರರಂಗವು ಶಿಲ್ಪಿಯನ್ನು ಮರೆತಿಲ್ಲ, ‘ಅಮರಶಿಲ್ಪಿ ಜಕಣಾಚಾರಿ’ ಇಲ್ಲವೆ?” ಎನ್ನುವವರೂ ಉಂಟು. 1964ರಲ್ಲಿ ಬಿ.ಎಸ್. ರಂಗಾ ಅವರು ನಿರ್ದೇಶಿಸಿ, ಕಲ್ಯಾಣಕುಮಾರರು ನಾಯಕರಾಗಿ ನಟಿಸಿದ ಈ ಚಿತ್ರವು ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಶಿಲ್ಪಿಯೊಬ್ಬನನ್ನು ನಾಯಕನಾಗಿ ಮಾಡಿದ್ದಕ್ಕೆ ಅದಕ್ಕೆ ನಮಸ್ಕಾರ. ಕಪ್ಪೆಯ ಕಥೆ, ಮಗ ಡಂಕಣನ ಕಥೆ, ಕೈಯನ್ನು ಕತ್ತರಿಸಿಕೊಂಡ ಕಥೆ, ಕೈದಾಳದಲ್ಲಿ ಕೈ ಮರಳಿ ಬಂದ ಕಥೆ: ಎಲ್ಲವೂ ನಮ್ಮ ಜನರ ಪ್ರೀತಿಯ ಸೊತ್ತು. ಆದರೆ ಜಕಣಾಚಾರಿಯು ಐತಿಹಾಸಿಕ ವ್ಯಕ್ತಿಯೆಂಬುದಕ್ಕೆ ಶಾಸನಾಧಾರವಿಲ್ಲವೆಂದು ಇತಿಹಾಸಜ್ಞರಲ್ಲಿ ಬಹುಮಂದಿ ಹೇಳುತ್ತಾರೆ. ಅದೇ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇವಾಲಯದಲ್ಲಿ, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ತಾವೇ ಕೆತ್ತಿ ಹೋಗಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಕಡೆ ಉಂಟು. ಎಂಟು ನೂರು, ಒಂಬೈನೂರು ವರುಷಗಳಿಂದ ಕಲ್ಲು ಕೂಗಿ ಹೇಳುತ್ತಿರುವ ಈ ಹೆಸರುಗಳು ನಮ್ಮ ಮನೆಮಾತಾಗಲಿಲ್ಲ. ಕಥೆಯ ಹೆಸರು ಮನೆಮಾತಾಯಿತು. ಐತಿಹ್ಯವನ್ನು ಪ್ರೀತಿಸೋಣ, ಆದರೆ ಅದರ ನೆರಳಿನಲ್ಲಿ ದಾಸೋಜ ಚಾವಣರನ್ನು ಮುಚ್ಚಿಡುವುದು ನ್ಯಾಯವಲ್ಲ.

ಪಶ್ಚಿಮದವರೂ ಈ ದೋಷಕ್ಕೆ ಹೊರತಲ್ಲ. 1949ರ ‘ದಿ ಫೌಂಟನ್‌ಹೆಡ್’ ಎಂಬ ಅಮೆರಿಕದ ಚಿತ್ರದಲ್ಲಿ ಸ್ಥಪತಿಯೇ ನಾಯಕ. ತನ್ನ ನಕ್ಷೆಯನ್ನು ಕೆಡಿಸಿದರೆಂದು ಅವನು ಕಟ್ಟಡವನ್ನೇ ಸ್ಫೋಟಿಸುತ್ತಾನೆ! ಕಟ್ಟಡವೆಂಬುದು ಒಬ್ಬನ ಅಹಂಕಾರದ ಫಲವೆಂಬ ಭಾವನೆ ಅಲ್ಲಿಯದು. ನಮ್ಮ ಮಯಮತ, ಮಾನಸಾರಗಳಾದರೋ ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ನಾಲ್ವರನ್ನು ಹೇಳುತ್ತವೆ; ಕಲ್ಪಿಸುವವನು, ಅಳೆಯುವವನು, ಜೋಡಿಸುವವನು, ಕಡೆಯುವವನು ಕೂಡಿದರೆ ಕಟ್ಟಡ. ಆದರೆ ಅದೇ ಪಶ್ಚಿಮದಲ್ಲಿ ಋಣವನ್ನು ತೀರಿಸಿದ ಚಿತ್ರಗಳೂ ಹುಟ್ಟಿವೆ. ಲೂಯಿ ಕಾನರ ಮಗ ನಥಾನಿಯಲ್ ಕಾನ್ 2003ರಲ್ಲಿ ‘ಮೈ ಆರ್ಕಿಟೆಕ್ಟ್’ ಎಂಬ ಚಿತ್ರದಲ್ಲಿ, ತೀರಿಹೋದ ತಂದೆಯನ್ನು ಅವರ ಕಟ್ಟಡಗಳಲ್ಲಿ ಹುಡುಕುತ್ತಾ ಅಹಮದಾಬಾದಿಗೂ ಢಾಕಾ ನಗರಕ್ಕೂ ಬರುತ್ತಾನೆ. ನಮ್ಮ ದೋಶಿಯವರೂ ಅದರಲ್ಲಿ ಮಾತನಾಡುತ್ತಾರೆ. 2008ರ ‘ಕೂಲ್ಹಾಸ್ ಹೌಸ್‌ಲೈಫ್’ ಇನ್ನೂ ರಸವತ್ತಾದದ್ದು. ಫ್ರಾನ್ಸಿನ ಬೋರ್ಡೋ ಬಳಿಯ ಪ್ರಸಿದ್ಧವಾದ ಮನೆಯನ್ನು ಅದು ತೋರಿಸುವುದು ಪಂಡಿತರ ಕಣ್ಣಿನಿಂದಲ್ಲ, ಅದನ್ನು ದಿನವೂ ಗುಡಿಸಿ ಒರೆಸುವ ಹೆಂಗಸಿನ ಕಣ್ಣಿನಿಂದ. ಎಲ್ಲಿ ಸೋರುತ್ತದೆ, ಎಲ್ಲಿ ಮೆಟ್ಟಲು ಇಕ್ಕಟ್ಟು ಎಂಬುದನ್ನು ಆಕೆಗಿಂತ ಬಲ್ಲವರಾರು? ಕಟ್ಟಡವನ್ನು ಹೊಗಳುವುದಷ್ಟೇ ಅಲ್ಲ, ವಿಚಾರಿಸಿಕೊಳ್ಳುವುದೂ ಗೌರವವೇ.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಹೆಸರುಳ್ಳ ಕಟ್ಟಡವೊಂದರಲ್ಲಿ ಚಿತ್ರೀಕರಣಕ್ಕೆ ಒಪ್ಪಿಗೆ ಕೊಡುವ ಸಂಸ್ಥೆಗಳು ಬಾಡಿಗೆಯ ಜೊತೆಗೆ ಒಂದು ಷರತ್ತನ್ನು ಹಾಕಲಿ: ಕಟ್ಟಡದ ಹೆಸರು, ಊರು, ಸ್ಥಪತಿ, ಈ ಮೂರೂ ತೆರೆಯ ಮೇಲೆ ಓದುವಷ್ಟು ಹೊತ್ತು ನಿಲ್ಲತಕ್ಕದ್ದು. ಎರಡನೆಯದಾಗಿ, ಸಾಹಿತ್ಯ ಸಂಘಗಳು ಕಾದಂಬರಿಯನ್ನು ವಿಮರ್ಶಿಸುವಂತೆ ಚಿತ್ರದಲ್ಲಿನ ಮನೆಯನ್ನೂ ವಿಮರ್ಶಿಸಲಿ. ಬನಶಂಕರಿ ಎರಡನೆಯ ಹಂತದಲ್ಲಿ, 1971ರಲ್ಲಿ ಸ್ಥಾಪಿತವಾದ ಸುಚಿತ್ರಾ ಚಲಚ್ಚಿತ್ರ ಸಮಾಜದ ನೆಲೆಯುಂಟು. ಒಳ್ಳೆಯ ಚಿತ್ರಗಳನ್ನು ನೋಡುವ ಅಭ್ಯಾಸವನ್ನು ಈ ಭಾಗದ ಜನರಿಗೆ ಕಲಿಸಿದ ಸಂಸ್ಥೆ ಅದು. ಅಂಥಲ್ಲಿ ಒಂದು ಸಂಜೆ ‘ಸಂಸ್ಕಾರ’ವನ್ನು ತೋರಿಸಿ, ಮಲೆನಾಡಿನ ಮನೆಯನ್ನು ಬಲ್ಲ ಬಡಗಿಯೊಬ್ಬರನ್ನೂ ಸ್ಥಪತಿಯೊಬ್ಬರನ್ನೂ ಜಗಲಿ ಅಂಗಳಗಳ ವಿಷಯವಾಗಿ ಮಾತನಾಡಿಸಿದರೆ ಎಷ್ಟು ಚೆನ್ನ! ಮೂರನೆಯದಾಗಿ, ಹಳೆಯ ಮನೆಯನ್ನು ಕೆಡವಿಸಲಿರುವ ಗೃಹಸ್ಥರು ತಮ್ಮ ಕೈಯಲ್ಲೇ ಇರುವ ಮೊಬೈಲಿನಿಂದ ಬಾಗಿಲಿನಿಂದ ಹಿತ್ತಿಲಿನವರೆಗೆ ಒಮ್ಮೆ ಚಿತ್ರಿಸಿಡಲಿ. ಕಟ್ಟಿಸಿದ ವರುಷವನ್ನೂ ಮೇಸ್ತ್ರಿಯ ಹೆಸರನ್ನೂ ಬಾಯಿಬಿಟ್ಟು ಹೇಳಲಿ. ದೊಡ್ಡ ಚಿತ್ರರಂಗವು ಮಾಡದ್ದನ್ನು ಸಣ್ಣ ಮನೆಗಳು ಮಾಡಿ ತೋರಿಸಬಹುದು.

ಕಟ್ಟುವವನು ಕಲ್ಲಿನಲ್ಲಿ ದುಡಿದನು. ಚಿತ್ರಿಸುವವನು ಬೆಳಕಿನಲ್ಲಿ ದುಡಿಯುತ್ತಾನೆ. ಒಬ್ಬನ ಕೃತಿಯನ್ನು ಇನ್ನೊಬ್ಬನು ಬಳಸಿಕೊಳ್ಳುವುದು ಕಲೆಯ ಲೋಕದಲ್ಲಿ ತಪ್ಪಲ್ಲ, ಸಹಜ. ಬಳಸಿಕೊಂಡು ಹೆಸರನ್ನು ಅಳಿಸುವುದು ಮಾತ್ರ ತಪ್ಪು. ತನ್ನ ಹೆಸರನ್ನು ವಿಗ್ರಹದ ಅಡಿಯಲ್ಲಿ ಕೆತ್ತಿದ ದಾಸೋಜನು ಅದನ್ನು ಯಾರಾದರೂ ಓದಲಿಯೆಂದೇ ಕೆತ್ತಿದನಲ್ಲವೆ? ಓದುವ ಕೆಲಸ ನಮ್ಮದು. ಓದಿಸುವ ಕೆಲಸ ಚಿತ್ರದವರದು.